ಚಾದರ ಒಗೆದವರು ಯಾರು

ಪತಂಗಗಳ ಸಮೀಕ್ಷೆಗೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಈಗಲೂ ಆಗಾಗ ಚಿಕ್ಕೋಡಿಯ ನಮ್ಮ ಮನೆ ಹುಡುಕಿಕೊಂಡು ಬರುತ್ತಾರೆ. ಬಂದವರೆಲ್ಲ ಕೇಳುವುದು ದೀಪದ ಬಗ್ಗೆ. ಎಷ್ಟು ವಾಟ್, ಯಾವ ಬಣ್ಣ, ಬ್ಯಾಟರಿ ಸಾಕೋ ಜನರೇಟರ್ ಬೇಕೋ. ದೀಪದ ಹಿಂದೆ ನಾವು ಕಟ್ಟುವ ಬಿಳಿ ಚಾದರದ ಬಗ್ಗೆ ಮಾತ್ರ ಇಂದಿನವರೆಗೆ ಒಬ್ಬರೂ ಬಾಯಿಬಿಟ್ಟಿಲ್ಲ. ಹುಳ ಬಂದು ಕೂರುವುದು ಆ ಚಾದರದ ಮೇಲೆ, ನಾವು ಎಣಿಸುವುದು ಅದರ ಮೇಲೆ ಕೂತದ್ದನ್ನು, ವರದಿ ಏಳುವುದು ಆ ಎಣಿಕೆಯಿಂದ. ಹಾಗಿದ್ದೂ ಚಾದರ ಒಗೆದವರು ಯಾರು ಎಂದು ಕೇಳಬೇಕೆಂದು ಯಾವ ಪುಸ್ತಕವೂ ಹೇಳುವುದಿಲ್ಲ. ನನಗೂ ಯಾರೂ ಹೇಳಿರಲಿಲ್ಲ.

ನಾನು ಮಾಳಿ, ಕ್ಷೇತ್ರ ಸಹಾಯಕನಾಗಿದ್ದವನು. ನಮ್ಮದು ಚಿಕ್ಕೋಡಿಯಲ್ಲಿ ಎರಡು ಕೋಣೆಯ ಕಚೇರಿ. ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು. ಈ ಸೀಮೆಯಲ್ಲಿ ಕಬ್ಬು, ತಂಬಾಕು ಬಿಟ್ಟು ಉಳಿದಿರುವ ಅಷ್ಟಿಷ್ಟು ಕಾಡಿನಲ್ಲಿ ಎಷ್ಟು ಬಗೆಯ ಪತಂಗಗಳಿವೆ ಎಂದು ನೋಡುವುದು ನಮ್ಮ ಕೆಲಸ. ಚಿಟ್ಟೆಯವರದು ಬೇರೆ ಜಾತಿ. ಅವರು ಬಿಸಿಲಿನಲ್ಲಿ ಟೋಪಿ ಹಾಕಿಕೊಂಡು ತಿರುಗಿ, ನಾಲ್ಕು ಗಂಟೆಗೆ ಚಹಾ ಕುಡಿದು ಮನೆಗೆ ಹೋಗುತ್ತಾರೆ, ಪೇಪರಿನಲ್ಲಿ ಅವರ ಫೋಟೋ ಬರುತ್ತದೆ. ನಮ್ಮ ಕೆಲಸ ಸಂಜೆ ದೀಪ ಹಚ್ಚಿದ ಮೇಲೆ ಶುರು. ಈಗ ಮೊಬೈಲಿನಲ್ಲಿ ಫೋಟೋ ಹೊಡೆದು ಹುಳವನ್ನು ಬಿಟ್ಟುಬಿಡುತ್ತೀರಿ, ಪುಣ್ಯವಂತರು. ಆಗ ಹೆಸರು ಹಿಡಿಯಬೇಕಾದರೆ ಹುಳ ಹಿಡಿಯಬೇಕಿತ್ತು, ಹಿಡಿದದ್ದನ್ನು ವಿಷದ ಸೀಸೆಗೆ ಹಾಕಬೇಕಿತ್ತು. ಹಾಗಾಗಿ ಮೊದಲ ದಿನ ಕಲಿಸಿದ ಮೊದಲ ಪಾಠವೇ ಇದು: ಕೆಲಸ ಮುಗಿದು ಸಾಬೂನು ಹಚ್ಚಿ ತೊಳೆಯುವವರೆಗೆ ಕೈ ಬಾಯಿಗೆ ಹೋಗಬಾರದು. ನಮ್ಮ ಜೀಪಿನ ಡ್ರೈವರ್ ದಸ್ತಗೀರ ಪಕ್ಕದಲ್ಲೇ ನಿಂತು ಹುರಿದ ಶೇಂಗಾ ತಿನ್ನುತ್ತಿದ್ದ. ನಾನು ಮೂಸಿ ಕೂಡ ನೋಡುತ್ತಿರಲಿಲ್ಲ. ಈ ನಿಯಮವನ್ನು ಜೀವಮಾನವಿಡೀ ಒಂದು ಸಲವೂ ಮುರಿದಿಲ್ಲ ಎಂದು ಮೊನ್ನೆಯವರೆಗೂ ಎದೆಯುಬ್ಬಿಸಿ ಹೇಳುತ್ತಿದ್ದೆ.

ಚಾದರ ಕಟ್ಟಿದ ಮೊದಲ ಸಂಜೆ ಶಿರಗುಪ್ಪಿಯಲ್ಲಿ. ಕಬ್ಬಿನ ಹೊಲದ ಬದುವಿನಲ್ಲಿ ಎರಡು ಗಳ ನೆಟ್ಟು, ಚಾದರ ಬಿಗಿದು, ದೀಪ ಹಚ್ಚಿ ಹಿಂತಿರುಗಿ ನೋಡಿದರೆ ಅರ್ಧ ಊರು ಗೋಣಿಚೀಲ ಹಾಸಿಕೊಂಡು ಕೂತಿದೆ. ಮುಂದಿನ ಸಾಲಿನ ಅಜ್ಜ ತಂಬಾಕು ತಿಕ್ಕುತ್ತ ಕೇಳಿದ, "ಯಾವ ಪಿಚ್ಚರ್ ಐತ್ರಿ?"

"ಪಿಚ್ಚರ್ ಅಲ್ರಿ ಅಜ್ಜಾರ, ಹುಳ ಬರ್ತಾವು."

"ಬರ್ಲಿ ಬರ್ಲಿ. ನಾವೇನ ಅವಸರದಾಗ ಇಲ್ಲ."

ಯಾರೂ ಏಳಲಿಲ್ಲ. ಅರ್ಧ ತಾಸಿನ ನಂತರ ಅಂಗೈಯಷ್ಟು ದೊಡ್ಡ ಪತಂಗವೊಂದು ಬಂದು ಚಾದರಕ್ಕೆ ಢೀ ಕೊಟ್ಟಿತು. ಹಿಂದಿನ ಸಾಲಿನವರು ಸಿಳ್ಳೆ ಹೊಡೆದರು. ಹೋಗುವಾಗ ಒಬ್ಬ ಅಜ್ಜಿ ನನ್ನ ಬೆನ್ನು ತಟ್ಟಿ, "ಛಲೋ ಇತ್ತಪ್ಪಾ, ಹಾಡ ಒಂದ ಇರಬೇಕಾಗಿತ್ತು" ಎಂದಳು. ನನ್ನ ಕೆಲಸಕ್ಕೆ ಸಿಕ್ಕ ಮೊದಲ ವಿಮರ್ಶೆ ಅದು. ಈಗಲೂ ಅದು ನ್ಯಾಯವಾದದ್ದೆಂದೇ ನನ್ನ ಅಭಿಪ್ರಾಯ.

ನಮ್ಮ ಮೇಲಧಿಕಾರಿ ಇನಾಮದಾರ ಸಾಹೇಬರು. ಒಳ್ಳೆಯ ಮನುಷ್ಯರು, ಆದರೆ ಆದೇಶದ ಪ್ರತಿಯಿಲ್ಲದೆ ಸೂರ್ಯ ಹುಟ್ಟಿದರೂ ನಂಬುವವರಲ್ಲ. ಕಾಗವಾಡದ ಗಡಿಯಲ್ಲಿ ಒಮ್ಮೆ ಚಾದರ ಕಟ್ಟಿದಾಗ, ಅದು ಸರಿಯಾಗಿ ಎರಡು ರಾಜ್ಯಗಳ ನಡುವಿನ ಬದುವಿನ ಮೇಲೆ ಬಂತು. ಸಾಹೇಬರು ಮಂಜೂರಾತಿ ಪತ್ರ ತೆಗೆದು ಟಾರ್ಚಿನ ಬೆಳಕಿನಲ್ಲಿ ಓದಿದರು.

"ಮಾಳಿ, ನಮ್ಮ ಪ್ರಾಜೆಕ್ಟ್ ಕರ್ನಾಟಕದ್ದು. ಚಾದರದ ಈ ಮಗ್ಗಲ ಕುಂತದ್ದಷ್ಟ ಬರ್ಕೋರಿ. ಆ ಮಗ್ಗಲದ್ದು ಮಹಾರಾಷ್ಟ್ರದ್ದು."

ಹಾಗೆಯೇ ಬರೆದುಕೊಂಡೆ. ಆಚೆ ಹೊಲದ ರೈತ ನೀರು ಬಿಡಲು ಬಂದವನು ನೋಡಿ, ತನ್ನ ಮಗ್ಗುಲಲ್ಲೇ ಹೆಚ್ಚು ಕೂತಿವೆ ಎಂದು ಬೀಗಿ, "ಸಾಹೇಬ, ಆಮಚೆ ಪಣ ಮೋಜಾ ಕೀ" ಎಂದ, ನಮ್ಮವನ್ನೂ ಎಣಿಸಿ ಎಂದು. ಅಷ್ಟರಲ್ಲಿ ಆ ಕಡೆಯ ಹಳದಿ ಪತಂಗವೊಂದು ಚಾದರದ ಅಂಚು ದಾಟಿ ಈ ಕಡೆ ಬಂತು. ದಸ್ತಗೀರ ಚಪ್ಪಾಳೆ ತಟ್ಟಿದ. ಸಾಹೇಬರು ಬಹಳ ಹೊತ್ತು ಯೋಚಿಸಿ, ಅದರ ಮುಂದೆ 'ವಲಸೆ' ಎಂದು ಬರೆಯಲು ಹೇಳಿದರು.

ನಿಪ್ಪಾಣಿಯಲ್ಲಿ ತಂಬಾಕಿನ ಗೋದಾಮುಗಳ ಸಾಲಿನ ಮುಂದೆ ಬೀದಿದೀಪದ ಕೆಳಗೆ ಒಂದು ಸಣ್ಣ ಕಂದು ಹುಳ ಸಿಕ್ಕಿತು. ಯಾವ ಗೋದಾಮಿನ ಮುಂದೆ ಎಂದು ಚೀಟಿಯಲ್ಲಿ ಬರೆಯಬೇಕು. ತಂಬಾಕಿಗೆ ಹುಳ ಹತ್ತಿದೆಯೆಂದು ಸುದ್ದಿಯಾದೀತೆಂಬ ಹೆದರಿಕೆಗೆ ಮೊದಲ ವ್ಯಾಪಾರಿ ಚಹಾ ತರಿಸಿ, ಇದು ಪಕ್ಕದವರ ಗೋದಾಮಿನದು ಎಂದ. ಪಕ್ಕದವರು ಚಹಾದ ಜೊತೆ ಭಜಿ ತರಿಸಿ, ಅದರ ಪಕ್ಕದವರದು ಎಂದರು. ಕೈಯಲ್ಲಿ ಸೀಸೆ ಇತ್ತಾದ್ದರಿಂದ ನಾನು ಭಜಿ ಮುಟ್ಟಲಿಲ್ಲ, ದಸ್ತಗೀರ ಎರಡು ಪಾಲು ತಿಂದ. ಸಾಲು ಮುಗಿಯುವ ಹೊತ್ತಿಗೆ ಆ ಹುಳಕ್ಕೆ ಊರಿನಲ್ಲಿ ಜಾಗವೇ ಉಳಿಯಲಿಲ್ಲ. ಕೊನೆಗೆ 'ರಸ್ತೆಯ ಮಧ್ಯೆ' ಎಂದು ಬರೆದೆ. ಅದೇ ಚೀಟಿ ಇಂದಿಗೂ ಅದರ ಸೂಜಿಗಿದೆ.

ಇಷ್ಟೆಲ್ಲ ನಗೆಪಾಟಲಿನ ನಡುವೆ ಒಂದು ನಿಜವಾದ ವಿಷಯ ಬಂದು ನನ್ನ ಕೊರಳಿಗೆ ಬಿತ್ತು.

ರಾಯಬಾಗದ ಕಡೆಯ ಒಂದು ಊರಿನಲ್ಲಿ ಗಾಯರಾಣ ಇತ್ತು, ಅಂದರೆ ಊರಿನ ದನಕರು ಮೇಯುವ ಜಾಗ. ಜಾಲಿ, ಬಾರಿ, ಕವಳಿ, ನಾಲ್ಕು ಹಳೆಯ ಬೇವು ಬೆಳೆದು ಅದೊಂದು ಕುರುಚಲು ಕಾಡೇ ಆಗಿತ್ತು. ಅದನ್ನು ಸವರಿ ಕಬ್ಬಿನ ಗಾಡಿ, ಟ್ರ್ಯಾಕ್ಟರುಗಳನ್ನು ನಿಲ್ಲಿಸುವ ಜಾಗ ಮಾಡಬೇಕೆಂದು ಪಂಚಾಯ್ತಿಯವರು ಠರಾವು ಮಾಡಿದ್ದರು. ಮೇಲಿನ ಕಚೇರಿಯವರು ತಮ್ಮದೊಂದು ಜಾಣತನ ತೋರಿಸಿದರು. ಜುಗೂಳದ ಕೃಷ್ಣಾ ದಂಡೆ, ಅಥಣಿಯ ಒಂದು ಬರಡು ಮಡ್ಡಿ ದಿಬ್ಬ, ಈ ಗಾಯರಾಣ, ಮೂರರಲ್ಲಿ ಎಲ್ಲಿ ಹೆಚ್ಚು ಬಗೆಯ ಪತಂಗ ಸಿಗುತ್ತವೋ ಆ ಒಂದು ಜಾಗವನ್ನು ಕಾಪಾಡಲಾಗುವುದು, ಉಳಿದವು ಊರವರ ಇಷ್ಟ. ಮೂರನ್ನೂ ಯಾಕೆ ಕಾಪಾಡಬಾರದು ಎಂದು ನಾನು ಕೇಳಿದ್ದಕ್ಕೆ, 'ಸಂರಕ್ಷಿತ ಜಾಗ' ಎಂದು ನೆಡುವ ಫಲಕ ಒಂದೇ ಮಂಜೂರಾಗಿದೆ ಎಂದು ಉತ್ತರ ಬಂತು.

ಆ ಗಾಯರಾಣದ ಅಂಚಿನಲ್ಲಿ ಶೋಭಾ ಕಾಂಬಳೆಯ ಮನೆ. ಗಂಡ ತೀರಿಕೊಂಡಿದ್ದ. ಒಬ್ಬಳೇ ಹೆಣ್ಣುಮಗಳು, ಆಡು ಸಾಕಿಕೊಂಡಿದ್ದಳು. ಸ್ವಂತ ಹೊಲ ಗೇಣೂ ಇರಲಿಲ್ಲ, ಗಾಯರಾಣ ಹೋದರೆ ಆಡು ಮಾರಿ ಕಬ್ಬು ಕಡಿಯುವವರ ಗುಂಪು ಸೇರಬೇಕು. ವಿಷಯ ತಿಳಿದದ್ದೇ ತಡ, ಆಕೆ ನಮ್ಮ ಗಳ ನೆಡಲು ತಾನೇ ಕುಣಿ ತೋಡಿದಳು.

"ಅಂದ್ರ ನಿಮ್ಮ ಹುಳ ಇದ್ರ ನನ್ನ ಆಡು ಇರ್ತಾವು, ಹೌದಿಲ್ರಿ?"

"ಹಂಗ ಅನ್ರಿ ಶೋಭಕ್ಕ."

"ಹಂಗಾರ ಬರ್ರಿ, ಇನ್ನೂ ಆಳ ತೋಡ್ತೀನಿ."

ಜುಗೂಳ ಮತ್ತು ಅಥಣಿಯ ಸರದಿ ಮೊದಲೇ ಮುಗಿದಿತ್ತು. ಜುಗೂಳದಲ್ಲಿ ತಕ್ಕಮಟ್ಟಿಗೆ ಬಂದವು, ಅಥಣಿಯ ಮಡ್ಡಿಯಲ್ಲಿ ಗಾಳಿ ಬಿಟ್ಟರೆ ಬೇರೇನೂ ಬರಲಿಲ್ಲ. ಗಾಯರಾಣದಲ್ಲಿ ಮಾತ್ರ, ದೀಪ ಹಚ್ಚಿ ಒಂದು ತಾಸಿನಲ್ಲಿ ಚಾದರದ ಬಿಳಿಯೇ ಕಾಣಲಿಲ್ಲ. ಹಸಿರು, ಕಂದು, ಬೂದು, ಗುಲಾಬಿ ಅಂಚಿನವು, ಒಣಗಿದ ಎಲೆಯ ಹಾಗಿರುವವು. ಬರೆದು ಬರೆದು ನನ್ನ ಪೆನ್ನಿನ ಶಾಯಿ ಮುಗಿಯಿತು. ಇನಾಮದಾರ ಸಾಹೇಬರು ಆದೇಶವಿಲ್ಲದೆ ನಕ್ಕದ್ದನ್ನು ಆ ಸಂಜೆ ಒಮ್ಮೆ ನೋಡಿದೆ. ಶೋಭಕ್ಕ ದೂರದಲ್ಲಿ ಆಡುಗಳನ್ನು ದೊಡ್ಡಿಯಲ್ಲಿ ಕೂಡಿಹಾಕಿ, ಹುಳಗಳಿಗೆ ಕೈಮುಗಿದಳು. ಗಾಯರಾಣ ಉಳಿಯಿತೆಂದು ನಾನೇ ಬಾಯಾರೆ ಹೇಳಿ ಬಂದೆ.

ಆಮೇಲೆ ಒಂದು ಸಂಜೆ, ಹೊಸ ದೀಪ ಸರಿಯಿದೆಯೋ ಇಲ್ಲವೋ ನೋಡಲು ಮನೆಯ ಮಾಳಿಗೆಯ ಮೇಲೆ ಹಚ್ಚಿದೆ. ಸುಣ್ಣ ಬಳಿದ ಗೋಡೆ ಎದುರಿಗೇ ಇತ್ತು. ನನ್ನ ಹೆಂಡತಿ ಸುಮಿತ್ರಾ ಚಹಾ ತಂದವಳು ಮೆಟ್ಟಿಲ ಮೇಲೇ ನಿಂತು ಬಿದ್ದು ಬಿದ್ದು ನಗತೊಡಗಿದಳು.

"ರೀ, ಗ್ವಾಡಿ ಬಿಟ್ಟ ಹುಳ ಎಲ್ಲಾ ನಿಮ್ಮ ಬನೀನ ಮ್ಯಾಲ ಕುಂತಾವಲ್ರಿ!"

ನೋಡಿಕೊಂಡೆ. ನಿಜ. ಆ ದೀಪದ ಮುಂದೆ ನನ್ನ ಬನೀನು ನೀಲಿಯಾಗಿ ಹೊಳೆಯುತ್ತಿತ್ತು, ಎದೆಯ ತುಂಬ ಪತಂಗ. ಸುಮಿತ್ರಾಳ ಬಟ್ಟೆ ಒಗೆಯುವ ಕೈ ನಮ್ಮ ಓಣಿಗೇ ಪ್ರಸಿದ್ಧ. ಬಿಳಿಯದನ್ನು ಇನ್ನೂ ಬೆಳ್ಳಗೆ ಕಾಣಿಸುವ ಹೊಸ ಪುಡಿ, ಮೇಲೆ ನೀಲಿ, ಮೇಲೆ ಗಂಜಿ. ಕಣ್ಣಿಗೆ ಕಾಣದ ಬೆಳಕೊಂದು ನಮ್ಮ ದೀಪದಲ್ಲಿರುತ್ತದೆ, ಅದು ಬಿದ್ದರೆ ಅಂಥ ಪುಡಿ ಹೊಳೆಯುತ್ತದೆ.

"ಸುಮಿತ್ರಾ, ನಮ್ಮ ಆಫೀಸಿನ ಚಾದರ ಯಾವಾಗರ ಒಗದೀ ಏನ?"

"ಒಮ್ಮೆ ಒಗದೇನ್ರಿ. ರಾಯಬಾಗಕ್ಕ ಹೋಗೂ ಮುಂದ. ಚಹಾ ಸೋಸೂ ಅರಿವಿ ಆದಂಗ ಆಗಿತ್ತು. ಅದನ್ನ ಕಟ್ಟಿದ್ರ ಮಂದಿ ನನಗ ಏನಂದಾರು?"

ಜುಗೂಳ, ಅಥಣಿಗೆ ಮಣ್ಣು ಬಣ್ಣದ ಚಾದರ, ರಾಯಬಾಗಕ್ಕೆ ಸುಮಿತ್ರಾ ಒಗೆದ ಚಾದರ. ಹಾಗಾದರೆ ಬಂದದ್ದು ಗಾಯರಾಣದ ವೈಭವವೋ, ನಮ್ಮ ಬಚ್ಚಲುಮನೆಯದೋ? ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಸುಮ್ಮನಿದ್ದರೆ ಶೋಭಕ್ಕನ ಆಡು ಉಳಿಯುತ್ತವೆ. ಹೇಳಿದರೆ ನನ್ನ ಕೆಲಸದ ಮರ್ಯಾದೆ ಉಳಿಯುತ್ತದೆ. ನಾನು ಮರ್ಯಾದೆಯನ್ನು ಆರಿಸಿಕೊಂಡೆ. ಇದನ್ನು ಹೇಳಿಕೊಳ್ಳಲು ನನಗೆ ಹೆಮ್ಮೆಯೇನೂ ಇಲ್ಲ, ಅಂದು ಇತ್ತು.

ಸಾಹೇಬರು ಮೊದಲು ನಂಬಲಿಲ್ಲ. "ಹುಳಕ್ಕ ಸಾಬೂನು ಪುಡಿ ಯಾವದಂತ ತಿಳೀತೈತೇನ್ರಿ, ಮಾಳಿ?" ಎಂದರು. ಕಚೇರಿಯ ಮಾಳಿಗೆಯ ಮೇಲೆ ಎರಡು ಚಾದರ ಕಟ್ಟಿದೆವು, ಒಂದು ಕೊಳೆಯದು, ಒಂದು ಸುಮಿತ್ರಾ ಒಗೆದದ್ದು, ನಡುವೆ ದೀಪ. ಕೊಳೆಯ ಚಾದರದ ಮೇಲೆ ನಾಲ್ಕಾರು ಬಡಪಾಯಿಗಳು, ಇನ್ನೊಂದರ ಮೇಲೆ ಜಾತ್ರೆ. ಸಾಹೇಬರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಮಾಳಿ, ಈ ವಿಷಯ ನಿಮಗ ರಿಟಾಯರ್ ಆದಮ್ಯಾಲ ತಿಳಿದಿದ್ರ ಏನಾಗ್ತಿತ್ತು?"

ಮರುದಿನ ಆದೇಶ ಹೊರಟಿತು. ಸಮೀಕ್ಷೆ ಮತ್ತೆ ಆಗತಕ್ಕದ್ದು. ಪ್ರತಿ ಸಲ ಚಾದರವನ್ನು ಒಂದೇ ಮನೆಯಲ್ಲಿ, ಒಂದೇ ಪುಡಿಯಿಂದ, ಒಂದೇ ಕೈಯಿಂದ ಒಗೆಸತಕ್ಕದ್ದು. ಸುಮಿತ್ರಾ ಅದನ್ನು ಎರಡು ಸಲ ಓದಿ, "ಕೈ ಅಂತ ಬರದಾರ, ಹೆಸರ ಯಾಕ ಬರದಿಲ್ಲ?" ಎಂದು ಕೇಳಿದಳು.

ಶೋಭಕ್ಕನಿಗೆ ಹೇಳಲು ನಾನೇ ಹೋದೆ. ಆಕೆ ಬಾರಿ ಕಂಟಿಯಿಂದ ಆಡು ಬಿಡಿಸುತ್ತಿದ್ದಳು. ಪೂರ್ತಿ ಕೇಳಿ, ಕೈಯಲ್ಲಿದ್ದ ಕೋಲು ನೆಲಕ್ಕೆ ಕುಟ್ಟಿದಳು.

"ನಿಮ್ಮ ಮನಿಯಾಕಿ ಅರಿವಿ ಛಲೋ ಒಗದಳಂತ ನನ್ನ ಆಡು ಉಪಾಸ ಸಾಯಬೇಕೇನ್ರಿ? ಇದ್ಯಾವ ನ್ಯಾಯ ಹುಳದ ಸಾಹೇಬ್ರ?"

ಮನೆಗೆ ಬಂದು ಆ ಮಾತನ್ನು ಸುಮಿತ್ರಾಳಿಗೆ ಹೇಳಿದೆ. ಅವಳು ಅವತ್ತು ಊಟ ಬಡಿಸುತ್ತ, ಹುಳಗಳಿಗೆ ಬೆಳಕು ಬಿಟ್ಟರೆ ಮತ್ತೇನು ಸೇರುತ್ತದೆ ಎಂದು ಕೇಳಿದಳು. ಕೊಳೆತ ಬಾಳೆಹಣ್ಣು, ಬೆಲ್ಲ ಎಂದೆ. ಹೆಂಡತಿಗೆ ಕೊನೆಗೂ ನನ್ನ ವಿದ್ಯೆಯಲ್ಲಿ ಆಸಕ್ತಿ ಹುಟ್ಟಿತೆಂದು ಖುಷಿಪಟ್ಟೆ.

ಅಥಣಿಯಲ್ಲಿ ಮತ್ತೆ ಗಾಳಿಯೇ. ಜುಗೂಳದಲ್ಲಿ ಒಗೆದ ಚಾದರ ಕಟ್ಟಿದಾಗ ಹೊಳೆದಂಡೆಯ ಹೊಂಗೆ ಮರಗಳಿಂದ ಹಿಂಡು ಹಿಂಡಾಗಿ ಬಂದವು, ಗಾಯರಾಣದ ಹಳೆಯ ಲೆಕ್ಕವನ್ನೂ ಮೀರಿಸಿದವು. ಈಗ ಗಾಯರಾಣ ಉಳಿಯಬೇಕಾದರೆ ಅದಕ್ಕಿಂತ ಹೆಚ್ಚು ಬರಬೇಕು.

ಕೊನೆಯ ಸಲಕ್ಕೆ ಸುಮಿತ್ರಾ ಚಾದರವನ್ನು ಮತ್ತೆ ಒಗೆದು, ಕಾಗದದಲ್ಲಿ ಸುತ್ತಿ ಕೊಟ್ಟಳು. ಗಾಯರಾಣದಲ್ಲಿ ಹೊತ್ತು ಮುಳುಗುವ ಮುಂಚೆ ನಾನು ಮತ್ತು ಶೋಭಕ್ಕ ಎರಡು ತುದಿ ಹಿಡಿದು ಕಟ್ಟಿದೆವು. ಚಾದರ ಸ್ವಲ್ಪ ಅಂಟಂಟಾಗಿತ್ತು. ಗಂಜಿ ಹೆಚ್ಚಾಗಿದೆ ಎಂದುಕೊಂಡೆ. ಜೀಪು ದೂರದ ರಸ್ತೆಯಲ್ಲಿತ್ತು. ಶೋಭಕ್ಕ ಆಡುಗಳನ್ನು ಕೂಡಿಹಾಕಲು ಹೋದಳು, ನಾನು, ಸಾಹೇಬರು, ದಸ್ತಗೀರ ಜನರೇಟರ್ ಹೊತ್ತು ತರಲು ಹೋದೆವು.

ಬಂದು ನೋಡಿದರೆ ಚಾದರದ ಅರ್ಧ ಇಲ್ಲ. ಕರಿಯ ಹಾಟೊಂದು, ಅಂದರೆ ದೊಡ್ಡ ಹೆಣ್ಣಾಡು, ಮುಂಗಾಲೆರಡನ್ನೂ ಗಳಕ್ಕೆ ಕೊಟ್ಟು ನಿಂತು ಉಳಿದರ್ಧವನ್ನು ಆನಂದದಿಂದ ಅಗಿಯುತ್ತಿತ್ತು. ಶೋಭಕ್ಕ ಅದರ ಕೊರಳಿಗೆ ಜೋತುಬಿದ್ದು ಎಳೆಯುತ್ತ ಅಳುತ್ತಿದ್ದಳು. "ನಿನ್ನ ಹೊಟ್ಟಿಗಿ ನೀನ ಕಲ್ಲ ಹಾಕ್ಕೊಂಡೆಲ್ಲೇ ಸುಡುಗಾಡದಾಕಿ!" ಹಾಟು ಅವಳನ್ನೊಮ್ಮೆ ನೋಡಿ, ಇನ್ನೊಂದು ಬಾಯಿ ಹರಿದುಕೊಂಡಿತು.

ಸಾಹೇಬರು ಚಿಂದಿ ಕೈಗೆತ್ತಿಕೊಂಡರು. "ಇದನ್ನ ರಿಪೋರ್ಟಿನ್ಯಾಗ ಹೆಂಗ ಬರೀಲ್ರಿ?"

ಬೇರೆ ಚಾದರ ತಂದಿರಲಿಲ್ಲ. ಜೀಪು ಹತ್ತಲು ಹೊರಟೆವು. ಶೋಭಕ್ಕ "ತಡೀರಿ" ಎಂದು ಒಳಗೆ ಓಡಿ, ಟ್ರಂಕಿನಿಂದ ಒಂದು ಬಿಳಿ ಸೀರೆ ತಂದಳು. ಅವರ ಮನೆತನದಲ್ಲಿ ಬುದ್ಧ ಪೂರ್ಣಿಮೆಗೆ ಉಡುವ ಸೀರೆ. ನೀಲಿ ಇಲ್ಲ, ಪುಡಿ ಇಲ್ಲ, ಬಾವಿಯ ನೀರಿನಲ್ಲಿ ಒಗೆದು ನೆರಳಿನಲ್ಲಿ ಒಣಗಿಸಿದ್ದು. ಬೇಡವೆಂದರೂ ಕೇಳದೆ ತಾನೇ ಕಟ್ಟಿದಳು. ಬಂದವು, ಒಂದೊಂದಾಗಿ, ಸಾವಕಾಶವಾಗಿ. ಸೆರಗಿನ ಅಂಚಿನಲ್ಲಿ ಒಂದು ದಪ್ಪ ಕಂದು ಪತಂಗ ಸಾಲಾಗಿ ಮೊಟ್ಟೆಯಿಟ್ಟಿತು. ಹತ್ತು ಗಂಟೆಗೆ ನಾನು ಪುಸ್ತಕ ಮುಚ್ಚಿದೆ.

"ಎಷ್ಟಾದವ್ರಿ?"

"ಜುಗೂಳಕಿಂತ ಕಡಿಮಿ ಶೋಭಕ್ಕ."

"ಇನ್ನೊಂದ ತಾಸ ನೋಡೂಣಲ್ರಿ. ದೂರಿಂದ ಬರೂವು ಇರ್ತಾವು."

ಇನ್ನೊಂದು ತಾಸು ನೋಡಿದೆವು. ಹೆಚ್ಚೇನೂ ಬರಲಿಲ್ಲ. ಮನೆಗೆ ಹೋಗುವ ದಾರಿಯಲ್ಲಿ ದಸ್ತಗೀರ ಕೂಡ ಶೇಂಗಾ ತಿನ್ನಲಿಲ್ಲ.

ಸಾಹೇಬರು ಇದ್ದದ್ದನ್ನು ಇದ್ದಂತೆ ಬರೆದರು: 'ಚಾದರವನ್ನು ಆಡು ತಿಂದ ಪ್ರಯುಕ್ತ ಸೀರೆಯನ್ನು ಬಳಸಲಾಯಿತು.' ಮೇಲಿನ ಕಚೇರಿಯಿಂದ ಪ್ರಶ್ನೆ ಬಂತು. ಆಡು ಯಾರದು? ಎಷ್ಟು ಭಾಗ ತಿಂದಿದೆ? ತಿಂದ ಭಾಗವನ್ನು ಹಾಜರುಪಡಿಸುವುದು. ತಿಂದ ಭಾಗ ಲಭ್ಯವಿಲ್ಲ, ಉಳಿದ ಭಾಗ ಲಗತ್ತಿಸಿದೆ ಎಂದು ಉತ್ತರಿಸಿದೆವು. ಎರಡು ತಿಂಗಳಿಗೆ ತೀರ್ಮಾನ ಬಂತು. ಮೊದಲ ಸಮೀಕ್ಷೆಯಲ್ಲೂ ಬಟ್ಟೆ ಬೇರೆ, ಎರಡನೆಯದರಲ್ಲೂ ಬಟ್ಟೆ ಬೇರೆ, ಆದ್ದರಿಂದ ಎರಡೂ ರದ್ದು. ಸಮೀಕ್ಷೆಯ ಚಾದರ ಎಂಥದಿರಬೇಕು, ಅದನ್ನು ಹೇಗೆ ಒಗೆಯಬೇಕು ಎಂಬುದು ನಿಗದಿಯಾಗಿ ಮೂರನೆಯ ಸಮೀಕ್ಷೆ ನಡೆಯುವವರೆಗೆ ಮೂರೂ ಜಾಗಗಳನ್ನು ಯಾರೂ ಮುಟ್ಟತಕ್ಕದ್ದಲ್ಲ.

ಆ ಚಾದರ ಇನ್ನೂ ನಿಗದಿಯಾಗಿಲ್ಲ. ಇನಾಮದಾರ ಸಾಹೇಬರು ನಿವೃತ್ತರಾದರು, ಅವರ ಹಿಂದೆ ನಾನೂ ಆದೆ. ಕಡತ ಒಂದು ಕಚೇರಿಯಿಂದ ಇನ್ನೊಂದಕ್ಕೆ ಹೋಗಿ ಬಂದು ಮಾಡುತ್ತಿದೆಯಂತೆ. ಕಾದು ಸಾಕಾಗಿ ಪಂಚಾಯ್ತಿಯವರು ಕಬ್ಬಿನ ಗಾಡಿಗಳಿಗೆ ರಸ್ತೆಯ ಆಚೆ ಬೇರೆ ಜಾಗ ನೋಡಿಕೊಂಡರು.

ನಿವೃತ್ತಿಯಾದ ವರ್ಷ ಒಂದು ದಿನ ಸುಮಿತ್ರಾ ಹೋಳಿಗೆಗೆ ಬೆಲ್ಲ ಕುಟ್ಟುತ್ತ ಕೂತವಳು, ಇದ್ದಕ್ಕಿದ್ದಂತೆ ಹೇಳಿದಳು.

"ಅವತ್ತ ಕಡೀ ಸಲ ಚಾದರದ ಗಂಜಿಯೊಳಗ ಎರಡ ಹಿಡಿ ಬೆಲ್ಲ ಕರಗಿಸಿ ಹಾಕಿದ್ನಿ. ಆ ಹೆಣ್ಮಗಳಿಗೆ ಇನ್ನ ನಾಕ ಹುಳ ಹೆಚ್ಚ ಬರ್ಲಿ ಅಂತ. ಹಾಳಾದ ಆಡು ಬಂದ ತಿಂತು."

"ಇಷ್ಟ ವರ್ಷ ನನಗ ಯಾಕ ಹೇಳಲಿಲ್ಲ?"

"ಹೇಳಿದ್ರ ನೀವ ಮತ್ತ ಸಾಹೇಬ್ರ ಮುಂದ ಹೋಗಿ ಹೇಳ್ತಿದ್ರಿ."

ಹೇಳುತ್ತಿದ್ದೆ. ಅದರಲ್ಲಿ ಸಂಶಯವಿಲ್ಲ. ಸೀಲು ಹಾಕಿಸಿ ಹೇಳುತ್ತಿದ್ದೆ.

ಮೊನ್ನೆ ರಾಯಬಾಗದ ಕಡೆ ಹೋದವನು ಗಾಯರಾಣಕ್ಕೂ ಹೋದೆ. ಬಾರಿ ಕಂಟಿಗಳು ಹಾಗೇ ಇವೆ. ಶೋಭಕ್ಕನ ತಲೆ ಬೆಳ್ಳಗಾಗಿದೆ, ಆಡುಗಳು ಮೊದಲಿಗಿಂತ ಹೆಚ್ಚಾಗಿವೆ. ಈಗಲಾದರೂ ತಪ್ಪೊಪ್ಪಿಕೊಳ್ಳೋಣವೆಂದು ಬೆಲ್ಲದ ಸಂಗತಿಯನ್ನು ಅಂಜುತ್ತ ಅಂಜುತ್ತ ಹೇಳಿದೆ. ಆಕೆ ನನ್ನನ್ನು ಕನಿಕರದಿಂದ ನೋಡಿದಳು.

"ಗೊತ್ತೈತಲ್ರಿ. ಅವತ್ತ ಅರಿವಿ ಕಟ್ಟೂ ಮುಂದ ಕೈಯೆಲ್ಲಾ ಅಂಟ ಆಗಿತ್ತು, ನೆಕ್ಕಿ ನೋಡಿದ್ನಿ. ನಿಮ್ಮ ಮನಿಯಾಕಿ ಭಾಳ ಛಲೋ ಹೆಣ್ಮಗಳು ಅಂತ ಅವತ್ತ ತಿಳೀತು." ಆಮೇಲೆ ಕೇಳಿದಳು, "ನೀವೂ ಒಂದ ತುದಿ ಹಿಡಿದಿದ್ರಲ್ರಿ. ಕೈ ನೆಕ್ಕಲಿಲ್ಲೇನು?"

ಕೆಲಸದ ನಡುವೆ ಕೈ ಬಾಯಿಗೆ ಒಯ್ಯಬಾರದೆಂಬುದು ನಮ್ಮ ಮೊದಲ ಪಾಠ ಎಂದು ಆಕೆಗೆ ವಿವರಿಸಿದೆ. ಶೋಭಕ್ಕ ಪೂರ್ತಿ ಕೇಳಿಸಿಕೊಂಡು, ಹಂಗ ಇರಲಿ ಬಿಡ್ರಿ ಎಂದು, ಒಳಗಿನಿಂದ ಆಡಿನ ಹಾಲಿನ ಚಹಾ ತಂದಳು. ಬೆಲ್ಲ ಹಾಕಿದ್ದಳು.